ತೋಮನ ಕಡೆಯವರು

ಅಮೆರಿಕದ ವಾರೆನ್ನಿನಲ್ಲಿ ನಮ್ಮ ಪಕ್ಕದ ಮನೆಯ ಅಂಕಲ್ ಧಾರವಾಡದ ಕ್ರೈಸ್ತರು; ಕಾರಿನ ಬ್ರೇಕ್ ಟೆಸ್ಟ್ ಮಾಡುತ್ತಲೇ ರಿಟೈರ್ ಆದವರು. ನನ್ನ ಹೊಸ ಟಯರಿರಲಿ, ಆಂಟಿ ಕೊಟ್ಟ ಚಹದ ಕಪ್ಪಿರಲಿ, ಮೊದಲು ಬೆರಳಿಟ್ಟು ನೋಡುತ್ತಿದ್ದರು. "ಮುಟ್ಟಿ ನೋಡಬೇಕ್ರಿ. ನಾ ತೋಮನ ಕಡೆಯಾಂವ," ಎಂದು ನಗುತ್ತಿದ್ದರು. ಸತ್ತ ಯೇಸು ಎದ್ದು ಬಂದನೆಂದು ಉಳಿದ ಶಿಷ್ಯರು ಹೇಳಿದಾಗ, ಗಾಯ ಮುಟ್ಟದೆ ನಂಬಲಾರೆ ಎಂದವನೇ ಆ ತೋಮ.

ಒಂದು ಈಸ್ಟರ್ ಊಟಕ್ಕೆ ನಮ್ಮನ್ನೂ ಕರೆದಿದ್ದರು. ಕಾಲೇಜಿನಿಂದ ಬಂದಿದ್ದ ಮಗಳು ಊಟದ ನಡುವೆ, "ಡ್ಯಾಡ್, ಐ ಡೋಂಟ್ ಬಿಲೀವ್ ಎನಿ ಆಫ್ ಇಟ್," ಎಂದಳು. ಇನ್ನು ಚರ್ಚಿಗೆ ಬರುವುದಿಲ್ಲವೆಂದೂ ಸೇರಿಸಿದಳು. ಆಂಟಿಯ ಕೈಯ ಸೌಟು ಅಲ್ಲೇ ನಿಂತಿತು.

ಅಂಕಲ್ ಮಗಳ ತಟ್ಟೆ ಮುಟ್ಟಿ ನೋಡಿದರು. ಆರಿತ್ತು. ಬಿಸಿ ಅನ್ನ ಹಾಕಿದರು.

"ತೋಮ ನಂಬಲಿಲ್ಲಂತ ಉಳಿದವರು ಅವನ್ನ ಹೊರಗ ಹಾಕಲಿಲ್ಲವ್ವ. ಒಂದು ವಾರ ತಮ್ಮ ಜೋಡಿನೇ ಇಟ್ಕೊಂಡ್ರು. ಉಣ್ಣು."

ಮುಂದಿನ ಭಾನುವಾರ ಅವರ ಕಾರು ಕೆಟ್ಟಿದ್ದರಿಂದ ನಾನೇ ಅಂಕಲ್, ಆಂಟಿ ಇಬ್ಬರನ್ನೂ ಚರ್ಚಿಗೆ ಕರೆದೊಯ್ದು, ಹಿಂದಿನ ಸಾಲಿನಲ್ಲಿ ಕುಳಿತೆ. ಮಗಳು ಬಂದಿರಲಿಲ್ಲ. ಪ್ರಾರ್ಥನೆಗೆ ಎಲ್ಲರೂ ಕೈ ಜೋಡಿಸಿದರು. ಅಂಕಲ್ ಜೋಡಿಸಲಿಲ್ಲ, ಅವರ ಒಂದು ಕೈ ಪಕ್ಕದ ಖಾಲಿ ಕುರ್ಚಿಯ ಮೇಲೆಯೇ ಇತ್ತು.