ಮಾಸಿನಲ್ಲಿ ಅಡಗಿದ್ದ ಜ್ವರ

ಮೊದಲು ಬಾಯಿರುಚಿ ಕೆಟ್ಟಿತು. ಬಸುರಿಗೆ ಇದೆಲ್ಲ ಇದ್ದದ್ದೇ ಅಂದುಕೊಂಡೆ. ಆಮೇಲೆ ನಡುಕ ಬಂತು. ನಾಗಪುರದ ಅಕ್ಟೋಬರ್ ಸೆಕೆಯಲ್ಲಿ, ರೈಲ್ವೆ ಕ್ವಾರ್ಟರ್ಸಿನಲ್ಲಿ, ಎರಡು ರಜಾಯಿ ಹೊದ್ದು ಹಲ್ಲು ಕಟಕಟಿಸುತ್ತಾ ಮಲಗಿದೆ.

ನನಗಾಗ ಏಳು ತಿಂಗಳು. ಗಂಡ ಹಳಿ ನೋಡಿಕೊಳ್ಳುವ ಸೂಪರ್‌ವೈಸರ್. ಮಳೆಗಾಲವನ್ನು ಗೊಂದಿಯಾ ಕಡೆಯ ಕಾಡಿನ ಸ್ಟೇಷನ್ನೊಂದರಲ್ಲಿ ಕಳೆದು ಬಂದಿದ್ದೆವು. ಹಾಗಾಗಿ ಡಾಕ್ಟರಿಗೆ ಮೊದಲು ಅನುಮಾನ ಬಂದದ್ದೇ ಮಲೇರಿಯಾ ಮೇಲೆ. ಬೆರಳು ಚುಚ್ಚಿ ರಕ್ತ ನೋಡಿದರು. ನೆಗೆಟಿವ್. ಮತ್ತೊಮ್ಮೆ ನೋಡಿದರು. ನೆಗೆಟಿವ್.

ಜ್ವರ ತಾನಾಗಿ ಇಳಿಯಿತು. ಧಾರವಾಡದಿಂದ ಬಂದಿದ್ದ ಅವ್ವನಿಗೆ ಅಷ್ಟೇ ಸಾಕಾಯಿತು. ರಿಪೋರ್ಟ್ ಚಲೋ ಬಂದಿದೆ, ಇಲ್ಲೇ ಸೀಮಂತದ ಕುಬಸ ಮುಗಿಸಿ ಹೆರಿಗೆಗೆ ಊರಿಗೆ ಕರೆದೊಯ್ಯುತ್ತೇನೆ ಎಂದು ಗಾಂಧಿಬಾಗ್ ಪೇಟೆಯ ಗಲ್ಲಿಗಳನ್ನೆಲ್ಲ ಸುತ್ತಿ ಹಸಿರು ಸೀರೆ, ಹಸಿರು ಬಳೆ ತಂದಳು. ನೆರೆಯವರು ಆರತಿ ಎತ್ತಿ ಚೇಷ್ಟೆ ಮಾಡಿದರು. ನನಗೆ ಕೂತಲ್ಲಿಂದ ಏಳಲಿಕ್ಕೂ ಆಗುತ್ತಿರಲಿಲ್ಲ. ಉಗುರು ಬೆಳ್ಳಗಾಗಿದ್ದವು. ಬಸುರಿನ ರಕ್ತಹೀನತೆ ಎಂದು ಕಬ್ಬಿಣದ ಮಾತ್ರೆ ಕೊಟ್ಟರು. ಎಲ್ಲಕ್ಕೂ ಬಸುರೇ ಕಾರಣ. ಈಗಲೂ ನೆನೆದರೆ ಸಿಟ್ಟು ಬರುತ್ತದೆ.

ಕುಬಸದ ಮರುವಾರ ಮಗು ಒದೆಯುವುದು ನಿಂತಿತು.

ಸ್ಕ್ಯಾನ್ ಮಾಡಿದ ಡಾಕ್ಟರ್ ಪರದೆಯನ್ನು ನನ್ನ ಕಡೆ ತಿರುಗಿಸಲಿಲ್ಲ. ನೋವು ಬರುವ ಇಂಜೆಕ್ಷನ್ ಕೊಡಿಸಿದರು. ಸತ್ತ ಮಗುವನ್ನೂ ಹೆರಲೇಬೇಕು. ನೋವಿನಲ್ಲಿ ರಿಯಾಯಿತಿ ಇಲ್ಲ. ಹೆಣ್ಣುಮಗು. ತಿಂಗಳಿಗೆ ತಕ್ಕ ಬೆಳವಣಿಗೆ ಇರಲಿಲ್ಲ, ತಲೆತುಂಬ ಕೂದಲಿತ್ತು.

ಅವ್ವ ಅಳಲಿಲ್ಲ. ಮಾಸು ಕೇಳಿದಳು. ಕೂಸಿನ ಹಿಂದೆ ಬೀಳುವ ಮಾಸನ್ನು ನಮ್ಮಲ್ಲಿ ಮನೆಯವರೇ ಮಣ್ಣಿಗೆ ಹಾಕಬೇಕು. ಡಾಕ್ಟರ್ ಕೊಡಲಿಲ್ಲ, ಲ್ಯಾಬಿಗೆ ಹೋಗಬೇಕು ಎಂದರು.

"ಕೂಸಂತೂ ಹೋತು. ಇದನ್ನರ ಕೊಡ್ರಿ, ಹುಗೀತೇನಿ," ಎಂದು ಅವ್ವ ಕನ್ನಡದಲ್ಲೇ ಪಟ್ಟು ಹಿಡಿದಳು. ಆ ಮರಾಠಿ ಡಾಕ್ಟರಮ್ಮನಿಗೆ ಭಾಷೆ ತಿಳಿಯದಿದ್ದರೂ ಸಂಕಟ ತಿಳಿಯಿತು. ಅವ್ವನ ಕೈ ಹಿಡಿದುಕೊಂಡು, ಮಗು ಯಾಕೆ ಹೋಯಿತೆಂದು ಇದೊಂದೇ ಹೇಳಬಲ್ಲದು, ಹುಗಿದುಬಿಟ್ಟರೆ ನಿಮ್ಮ ಮಗಳನ್ನೂ ಕಳಕೊಂಡೀರಿ ಎಂದು ಹಿಂದಿಯಲ್ಲಿ ಹೇಳಿದರು. ನಾನು ಅದನ್ನು ಕನ್ನಡದಲ್ಲಿ ಹೇಳಿದ ಮೇಲೆ ಅವ್ವ ಪಟ್ಟು ಬಿಟ್ಟಳು.

ಮಾಸಿನ ತುಂಬ ಮಲೇರಿಯಾ ಇತ್ತು.

ಡಾಕ್ಟರ್ ನಿಧಾನವಾಗಿ ಬಿಡಿಸಿ ಹೇಳಿದರು. ಕೆಂಪು ರಕ್ತಕಣದೊಳಗೆ ಪ್ರೋಟೀನು ಸಾಗಿಸುವ ವ್ಯವಸ್ಥೆಯೇ ಇರುವುದಿಲ್ಲವಂತೆ. ಮಲೇರಿಯಾ ಪರಾವಲಂಬಿ ಒಳಹೊಕ್ಕು ತಾನೇ ಅದನ್ನು ಕಟ್ಟಿಕೊಂಡು, ತನ್ನ ಪ್ರೋಟೀನುಗಳನ್ನು ಕಣದ ಹೊರಮೈಗೆ ಸಾಗಿಸುತ್ತದೆ. ಅವುಗಳಲ್ಲೊಂದು ಮಾಸಿಗೇ ಕಚ್ಚಿಕೊಳ್ಳುವಂಥದು. ಕಚ್ಚಿಕೊಂಡ ಕಣ ಮೈಯೆಲ್ಲ ಸುತ್ತುವುದಿಲ್ಲ, ಬೆರಳ ತುದಿಗೆ ಬರುವುದಿಲ್ಲ. ನಾವು ಬೆರಳಲ್ಲಿ ಹುಡುಕಿದ್ದೇ ಬಂತು. ಅಂಥ ಕಣಗಳು ಗುಂಪುಗಟ್ಟಿ ಕೂತು, ಮಗುವಿಗೆ ಹೋಗಬೇಕಾದ ಅನ್ನ, ಉಸಿರು ಎರಡನ್ನೂ ದಾರಿಯಲ್ಲೇ ತಡೆದಿದ್ದವು.

"ಒಳಗ ತಾನ ಲೈನ್ ಹಾಕ್ಕೊಂಡೈತಿ," ಎಂದ ಗಂಡ. ಹಳಿಯ ಮೇಲೆ ಬದುಕುವವನಿಗೆ ಇನ್ನೇನು ತೋಚೀತು.

ನನಗೆ ಮಲೇರಿಯಾದ ಆರ್ಟಿಸುನೇಟ್ ಇಂಜೆಕ್ಷನ್ ಹಾಕಿದರು, ರಕ್ತ ಏರಿಸಿದರು. ಬದುಕಿದೆ. ಎದೆಯಲ್ಲಿ ಹಾಲು ಬಂತು. ಮೈಗಿನ್ನೂ ಸುದ್ದಿ ಮುಟ್ಟಿರಲಿಲ್ಲ. ಅವ್ವ ಬಟ್ಟೆ ಬಿಗಿದು ಕಟ್ಟಿ ನಿಲ್ಲಿಸಿದಳು. ಎಲ್ಲ ದೇವರಿಚ್ಛೆ ಎಂದು ಸಮಾಧಾನ ಹೇಳಬಂದವರ ಮೇಲೆ ಹರಿಹಾಯ್ದೆ. ಅವರು ನೊಂದುಕೊಂಡರು, ನನಗೆ ಪಶ್ಚಾತ್ತಾಪವಿಲ್ಲ.

ಕಳೆದ ವಾರದ ಚೆಕಪ್‌ನಲ್ಲಿ ಇನ್ನೊಂದು ಮಗುವಿನ ಮಾತೆತ್ತಿದವಳು ಅವ್ವ. ಅವಸರ ಬೇಡ, ಸೊಳ್ಳೆಪರದೆ, ಪರೀಕ್ಷೆ ಯಾವುದೂ ತಪ್ಪಬಾರದು ಎಂದರು ಡಾಕ್ಟರ್. ಇನ್ನೊಂದು ಮಾತನ್ನು ಅಳೆದು ತೂಗಿ ಹೇಳಿದರು. ಮಾಸಿಗೆ ಕಚ್ಚುವ ಆ ಪ್ರೋಟೀನಿನ ಗುರುತು ಈ ಬಸುರಿನಲ್ಲಿ ನನ್ನ ಮೈಗೆ ಸಿಕ್ಕಿರಬಹುದು. ಮಲೇರಿಯಾ ಮತ್ತೆ ಬಂದರೆ ಮೈ ಎದುರಿಸಿ ನಿಂತೀತು, ಮುಂದಿನ ಕೂಸನ್ನು ಸ್ವಲ್ಪ ಕಾದೀತು. ಖಾತ್ರಿಯಿಲ್ಲ, ಅದನ್ನೇ ನೆಚ್ಚಿ ಕೂರಬೇಡಿ.

ಅದನ್ನು ಅವ್ವನಿಗೆ ಕನ್ನಡದಲ್ಲಿ ಹೇಳಿದೆ. ಅವಳು ಕುರ್ಚಿ ಎಳೆದುಕೊಂಡು ನನ್ನ ಹತ್ತಿರ ಸರಿದಳು.

"ಹಂಗಾರ ಅಕೀ ಅಕ್ಕನ ಕೆಲಸ ಮಾಡೇ ಹೋಗ್ಯಾಳ."

ಹೆಸರಿಡದ ನನ್ನ ಮಗಳನ್ನು ಯಾರಾದರೂ ಒಂದು ಸಂಬಂಧ ಹಿಡಿದು ಕರೆದದ್ದು ಅದೇ ಮೊದಲು. ಡಾಕ್ಟರ ಮೇಜಿಗೆ ತಲೆಯಿಟ್ಟು ಗಟ್ಟಿಯಾಗಿ ಅತ್ತೆ.