ಕಿತ್ತಳೆಯಾದ ಮೇಲೂ

ಕಿವಿಗೆ ಹಾಕಿಕೊಳ್ಳುವ ಯಂತ್ರದ ಜೊತೆ ಡಾಕ್ಟರು ಒಂದು ಪುಟ್ಟ ಡಬ್ಬಿ ಕೊಟ್ಟಿದ್ದಾರೆ. ಅದರೊಳಗೆ ನೀಲಿ ಮಣಿಗಳು. ತೇವ ಹೀರಿಕೊಂಡರೆ ಗುಲಾಬಿಯಾಗುತ್ತವೆ, ಬಾಣಲೆಯಲ್ಲಿ ಬೆಚ್ಚಗೆ ಮಾಡಿದರೆ ಮತ್ತೆ ನೀಲಿ. ಮೊನ್ನೆ ಸೊಸೆ ಅದನ್ನು ಒಲೆಯ ಮೇಲಿಟ್ಟು, "ಮಾವ, ನೋಡಿ, ಬಣ್ಣ ತಿರುಗ್ತು" ಅಂದಳು. ನನಗೆ ನಮ್ಮ ಕೆಮಿಸ್ಟ್ರಿ ಮೇಷ್ಟ್ರು ನೆನಪಾದರು...

ಎಪ್ಪತ್ತರ ದಶಕದ ಮೊದಲ ವರ್ಷಗಳು. ದೊಡ್ಡಬಳ್ಳಾಪುರದಲ್ಲಿ ಪಿಯುಸಿ ಓದುತ್ತಿದ್ದೆ. ಮೇಷ್ಟ್ರು ರಾಜಘಟ್ಟದಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ಆರು ವರ್ಷದಿಂದ ತಾತ್ಕಾಲಿಕ ಕೆಲಸ. ರಾಸಾಯನಿಕ ಸಮತೋಲನದ ಪಾಠವನ್ನು ಅವರ ಹಾಗೆ ಹೇಳಿದವರನ್ನು ನಾನು ಕಂಡಿಲ್ಲ. "ಕ್ರಿಯೆ ನಿಂತಿಲ್ಲ ಕಣ್ರಪ್ಪಾ, ಎರಡು ಕಡೆಗೂ ನಡೀತಾನೇ ಇದೆ. ಆಸಿಡ್ ಬಿಟ್ರೆ ಆ ಕಡೆ ವಾಲುತ್ತೆ, ಕ್ಷಾರ ಬಿಟ್ರೆ ಈ ಕಡೆ ವಾಪಸ್." ಹಳದಿ ಕ್ರೋಮೇಟ್ ದ್ರಾವಣಕ್ಕೆ ಆಸಿಡ್ ತೊಟ್ಟಿಕ್ಕಿ ಕಿತ್ತಳೆ ಮಾಡುವುದು ಅವರಿಗೆ ಬಲು ಇಷ್ಟದ ಪ್ರಯೋಗ. ಆದರೆ ಬಣ್ಣವನ್ನು ತಾವು ಎಂದೂ ಹೇಳುತ್ತಿರಲಿಲ್ಲ. "ನಾನೇ ಹೇಳೋದಾದ್ರೆ ನಿಮಗೆ ಕಣ್ಣು ಯಾಕೆ?" ಎಂದು ನನ್ನ ಕಡೆ ತಿರುಗುತ್ತಿದ್ದರು. "ಬಣ್ಣ ಹಾಕೋ ಮನೆಯವನು, ನೀನ್ ಹೇಳಪ್ಪಾ." ನಮ್ಮದು ರೇಷ್ಮೆ ನೂಲಿಗೆ ಬಣ್ಣ ಹಾಕುವ ಮನೆ.

ಒಂದು ದಿನ ಎಲ್ಲರ ಎದುರಿಗೆ ನನ್ನ ಕೈ ಎತ್ತಿ ಹಿಡಿದರು. "ಕೆಸರು ಮೆತ್ಕೊಂಡು ಬಂದಿದ್ದೀಯಲ್ಲೋ, ಈ ಕೈಲಿ ಟ್ಯೂಬ್ ಮುಟ್ತೀಯಾ? ತೊಳ್ಕೊಂಡು ಬಾ." ಉಗುರಿನಲ್ಲಿದ್ದದ್ದು ಕುಂಕುಮದ ಕೆಂಪು, ನೂಲದ್ದಿದ ಬಣ್ಣ. ತೊಳೆದರೆ ಹೋಗುವಂಥದ್ದಲ್ಲ. ನಲ್ಲಿಯ ಹತ್ತಿರ ಇಟ್ಟಿಗೆ ಚೂರಿನಿಂದ ತಿಕ್ಕಿ ತಿಕ್ಕಿ ಚರ್ಮ ಕಿತ್ತುಕೊಂಡೆ. ಒಳಗೆ ಹುಡುಗರು ನಗುತ್ತಿದ್ದರು.

ದೀಪಾವಳಿಯ ಹಿಂದಿನ ವಾರ ಮೇಷ್ಟ್ರು, ಬಣ್ಣ ಹಾಕಿಸಲು ಕೊಟ್ಟಿದ್ದ ಹೆಂಡತಿಯ ಸೀರೆಯನ್ನು ಒಯ್ಯಲು ನಮ್ಮ ಮನೆಗೆ ಬಂದರು. ಹೇಳಿದ್ದು ಇಟ್ಟಿಗೆ ಕೆಂಪು. ಅಪ್ಪ ಮರೆತು ಬೇರೆಯವರ ಎಲೆ ಹಸಿರು ಸೀರೆ ಬಿಡಿಸಿ ತೋರಿಸಿದರು. ಮೇಷ್ಟ್ರು ಬೆಳಕಿಗೆ ಹಿಡಿದು ನೋಡಿ, "ಚೆನ್ನಾಗ್ ಬಂದಿದೆ" ಎಂದು ಮಡಿಸಿ ಕಂಕುಳಲ್ಲಿಟ್ಟುಕೊಂಡರು. ಅಪ್ಪ ತಕ್ಷಣ ತಮ್ಮ ತಪ್ಪು ಗೊತ್ತಾಗಿ ಬದಲಾಯಿಸಿ ಕೊಟ್ಟರು. ನನಗೆ ಎಲ್ಲ ಗೊತ್ತಾಯಿತು: ಮೇಷ್ಟ್ರ ಕಣ್ಣಿಗೆ ಕೆಂಪು, ಹಸಿರಿನ ವ್ಯತ್ಯಾಸ ಕಾಣುವುದಿಲ್ಲ. ನನ್ನ ಉಗುರಿನ ಕೆಂಪು ಅವರಿಗೆ ಕೆಸರಾಗಿಯೇ ಕಂಡಿತ್ತು. ಕನಿಕರ ಬರಬೇಕಿತ್ತು. ಬಂದದ್ದು ಆಯುಧ ಸಿಕ್ಕಿದ ಸಂತೋಷ.

ಪಾಠ ನೋಡಲು ಇನ್‌ಸ್ಪೆಕ್ಟರು ಬರುವವರಿದ್ದರು. ಅವರು ಒಪ್ಪಿದರೆ ಕೆಲಸ ಖಾಯಂ, ಇಲ್ಲದಿದ್ದರೆ ಮನೆಗೆ. ಹಿಂದಿನ ದಿನ ಮೇಷ್ಟ್ರೇ ಹೇಳಿದರು: "ನಾಳೆ ಒಂದಿನ ನನ್ನ ಮಾನ ಕಾಪಾಡ್ರಪ್ಪಾ." ಸಂಜೆ ನಾನು ಹುಡುಗರಿಗೆಲ್ಲ ಗುಟ್ಟು ಹೇಳಿದೆ.

ಮರುದಿನ ಇನ್‌ಸ್ಪೆಕ್ಟರು ಮುಂದೆಯೇ ಕುರ್ಚಿ ಹಾಕಿಸಿಕೊಂಡು ಕೂತರು. ಮೇಷ್ಟ್ರು ಹಳದಿ ದ್ರಾವಣದ ಬೀಕರು ಎತ್ತಿ ಆಸಿಡ್ ಬಿಟ್ಟರು.

"ಈಗೇನಪ್ಪಾ ಬಣ್ಣ?"

ಕಿತ್ತಳೆಯಾಗಿತ್ತು. "ಹಳದಿ ಸಾರ್" ಅಂದೆ.

ಇನ್ನಷ್ಟು ಬಿಟ್ಟರು. "ಈಗ?"

"ಹಳದಿನೇ ಸಾರ್."

"ಆಸಿಡ್ ಹಳೇದಿರಬೇಕು" ಎಂದು ಇನ್‌ಸ್ಪೆಕ್ಟರ ಕಡೆ ನಕ್ಕು ಮತ್ತೆ ಬಿಟ್ಟರು. ಹಿಂದಿನ ಬೆಂಚಿನಿಂದ ಯಾರೋ, "ಇನ್ನೂ ಹಾಕಿ ಸಾರ್, ಹಣ್ಣಾಗಿಲ್ಲ" ಅಂದ. ಕ್ಲಾಸಿಗೆ ಕ್ಲಾಸೇ ಬಾಯಿಗೆ ಕೈ ಅಡ್ಡ ಹಿಡಿಯಿತು.

ಇನ್‌ಸ್ಪೆಕ್ಟರು ಎದ್ದು ಬಂದರು. "ಮೇಷ್ಟ್ರೇ, ಅದು ಕಿತ್ತಳೆ ಆಗಿ ಎಷ್ಟ್ ಹೊತ್ತಾಯ್ತು. ನಿಮಗೆ ಕಾಣ್ತಾ ಇಲ್ವಾ?"

ಮೇಷ್ಟ್ರು ಬೀಕರನ್ನು ನೋಡಲಿಲ್ಲ. ನನ್ನನ್ನು ನೋಡಿದರು...

ಎಲ್ಲರೂ ಹೋದ ಮೇಲೆ ಗಾಜಿನ ಸಾಮಾನು ತೊಳೆಯುತ್ತಾ ನನ್ನನ್ನು ಕರೆದರು. ಬೈಯುತ್ತಾರೆಂದು ಕಾದೆ.

"ಎಷ್ಟನೇ ತೊಟ್ಟಿಗೆ ತಿರುಗ್ತಪ್ಪಾ?"

"ನಾಲ್ಕನೇದಕ್ಕೆ ಸಾರ್."

"ನಾಲ್ಕೇ?" ಎಂದರು. ಸೋಮವಾರ ಅವರು ಬರಲಿಲ್ಲ. ಆಮೇಲೆ ದಾಬಸ್‌ಪೇಟೆ ಕಡೆ ಯಾವುದೋ ಮಿಲ್ಲಿನಲ್ಲಿ ಮೂಟೆ ಹೊಲಿಯುತ್ತಿದ್ದಾರೆಂದು ಕೇಳಿದೆ. ಆ ದಾರಿಯಲ್ಲಿ ಎಷ್ಟು ಸಲ ಬಸ್ಸಿನಲ್ಲಿ ಹೋಗಿದ್ದೇನೋ, ಒಂದು ಸಲವೂ ಇಳಿಯಲಿಲ್ಲ.

ಹೋದ ವರ್ಷ ನೆಲಮಂಗಲದ ಒಂದು ಮದುವೆಯಲ್ಲಿ ಅವರ ಮಗಳು ಸಿಕ್ಕಿದಳು, ಅವಳಿಗೂ ತಲೆ ನೆರೆತಿದೆ. ಮೇಷ್ಟ್ರು ತೀರಿಕೊಂಡು ಎರಡು ತಿಂಗಳಾಗಿತ್ತಂತೆ. ನನ್ನ ಊರು, ಮನೆತನ ಕೇಳಿ ಅವಳ ಮುಖ ಅರಳಿತು. "ಓ, ನೀವೇನಾ? ನಿಮ್ಮ ವಿಷಯ ಅಪ್ಪ ಹೇಳ್ತಾನೇ ಇದ್ರು. ಬಣ್ಣ ಹಾಕೋರ ಮನೆ ಹುಡುಗ ಒಬ್ಬನಿದ್ದ, ನನಗೆ ಅವನೇ ಕಣ್ಣಾಗಿದ್ದ ಅಂತ."

"ಹೌದಮ್ಮಾ" ಅಂದೆ.