ಹೊಳಿದಂಡಿಯ ಸಾಬಣ್ಣ

ಸಾಬಣ್ಣನಷ್ಟು ಪುಕ್ಕಲ ಮನುಷ್ಯರನ್ನು ನಾನು ಕಂಡಿಲ್ಲ. ಸಿಡಿಲಿಗೆ ಹೆದರುತ್ತಿದ್ದರು, ಬೀದಿನಾಯಿಗೆ ಹೆದರುತ್ತಿದ್ದರು, ಪ್ರಿನ್ಸಿಪಾಲರು ಕೆಮ್ಮಿದರೆ ಕುರ್ಚಿ ಬಿಟ್ಟು ಎದ್ದು ನಿಲ್ಲುತ್ತಿದ್ದರು. ಮಾನ್ವಿಯ ನಮ್ಮ ಕಾಲೇಜಿನಲ್ಲಿ ಅವರು ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದರು. ನಾನು ಕನ್ನಡ ಪಾಠ ಮಾಡುತ್ತಿದ್ದೆ.

"ಏನಣ್ಣಾ, ಇಷ್ಟು ಅಂಜಿದರ ಹೆಂಗ ಬಾಳೇ ಮಾಡ್ತೀರಿ?" ಎಂದು ಕಾಡಿಸಿದರೆ ನಗುತ್ತಿದ್ದರು. "ಅಂಜಿಕಿ ಇರಬೇಕು ತಂಗೀ. ನಾ ಅಂಜತೀನಿ ಅಂತನ ಲ್ಯಾಬಿನಾಗ ಒಂದು ಮಷಿನ್ನೂ ಕೆಟ್ಟಿಲ್ಲ."

ಇಂಥವರು ಮನೆಯ ಹಳೇ ಕಂಪ್ಯೂಟರಿನಲ್ಲಿ ಒಬ್ಬರೇ ಕೂತು ಒಂದು ಆಟ ಕಟ್ಟಿದ್ದರು. ಹೆಸರು 'ಹೊಳಿದಂಡಿ'. ಚಿತ್ರವಿಲ್ಲ, ಬಣ್ಣವಿಲ್ಲ, ಬರೀ ಅಕ್ಷರ. ಫೋನಿನಲ್ಲಿ ತೆರೆದರೆ, 'ನೀವು ಹೊಳಿ ದಂಡಿಮ್ಯಾಲ ನಿಂತೀರಿ. ಎಡಕ್ಕ ಜಾಲಿಗಿಡ. ಅದರ ಹಿಂದ ಯಾರೋ ಕೆಮ್ಮಿದರು' ಎಂದು ಬರುತ್ತಿತ್ತು. 'ಎಡಕ್ಕ ಹೋಗು' ಎಂದು ಬರೆದರೆ ಎಡಕ್ಕೆ ಹೋಗುತ್ತಿದ್ದೆವು. ಅಲ್ಲಿ ರಾಯಚೂರಿನವರೋ ದೇವದುರ್ಗದವರೋ ಸಿಗುತ್ತಿದ್ದರು. ಬರೆದೇ ಮಾತಾಡಬೇಕು, ಬರೆದೇ ಮನೆ ಕಟ್ಟಿಕೊಳ್ಳಬೇಕು. ಚೀಕಲಪರ್ವಿಯಲ್ಲಿ ಹುಟ್ಟಿದ ಸಾಬಣ್ಣ ತಮ್ಮ ಊರಿನ ತುಂಗಭದ್ರೆಯನ್ನೇ ಅಲ್ಲಿ ಹರಿಸಿದ್ದರು. ಜಾಹೀರಾತು ಹಾಕಿ ನಾಲ್ಕು ಕಾಸು ಮಾಡಿಕೊಳ್ಳಿರೆಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. "ಹೊಳಿಗೆ ಯಾರರ ಟಿಕೀಟ್ ಇಡ್ತಾರೇನವಾ?" ಎಂದುಬಿಡುತ್ತಿದ್ದರು.

ಅಮಾವಾಸ್ಯೆಗೆ ಊರವರು ಗಾಡಿ ತೊಳೆದು ನಿಂಬೆಹಣ್ಣು ಕಟ್ಟಿದರೆ, ಸಾಬಣ್ಣ ಆಟದ ಪೂರ್ತಿ ನಕಲನ್ನು ಪೆನ್ ಡ್ರೈವಿಗೆ ಇಳಿಸಿ ನನಗೆ ಕೊಡುತ್ತಿದ್ದರು. "ನನ್ನ ಮನಿ ಸೋರತದ. ನಿಮ್ಮ ಬೀರುವಿನಾಗ ಇರ್ಲಿ." ಅದನ್ನು ಅವರು ಒಂದು ಅಮಾವಾಸ್ಯೆಯೂ ತಪ್ಪಿಸಲಿಲ್ಲ.

ಹೈದರಾಬಾದಿನ ಒಂದು ಕಂಪನಿ ಆಟ ಕೊಳ್ಳುತ್ತೇವೆಂದು ಬರೆದಾಗ ಸಾಬಣ್ಣ ಎರಡು ದಿನ ಊಟ ಬಿಟ್ಟರು. ನಾನು ಮುಂದೆ ಬಿದ್ದೆ. ಇಷ್ಟು ವರ್ಷ ಪುಕ್ಕಟೆ ದುಡಿದಿದ್ದಾರೆ, ನಾಲ್ಕು ಜನಕ್ಕೆ ಹೆಸರಾದರೂ ಗೊತ್ತಾಗಲಿ ಎಂದುಕೊಂಡೆ. ನೋಡಲು ಒಂದು ನಕಲು ಕಳಿಸಿ ಎಂದು ಕಂಪನಿಯವರು ಕೇಳಿದರು. ಸಾಬಣ್ಣನನ್ನು ಕೇಳಿದರೆ ಬೇಡವೆನ್ನುತ್ತಾರೆ ಎಂದು ಬೀರುವಿನಲ್ಲಿದ್ದ ಪೆನ್ ಡ್ರೈವಿನಿಂದ ನಾನೇ ಒಂದು ಪ್ರತಿ ತೆಗೆದು ಕಳಿಸಿಬಿಟ್ಟೆ. ಉಪಕಾರ ಮಾಡಿದೆನೆಂಬ ಹೆಮ್ಮೆ ಬೇರೆ, ನನ್ನ ಬುದ್ಧಿಗೆ ಬೆಂಕಿ ಬೀಳ!

ರಾಯಚೂರಿನ ಸ್ಟೇಷನ್ ರಸ್ತೆಯ ಹೋಟೆಲಿನಲ್ಲಿ ಕಂಪನಿಯವನು ಸಿಕ್ಕ. ಬಹಳ ನಯದ ಹುಡುಗ. "ಸರ್, ಆಟ ಚೆನ್ನಾಗಿದೆ. ಆದರೆ ನಮಗೆ ಮುಖ್ಯ ಆಡುವವರ ಮಾತು. ಯಾರು ಎಲ್ಲಿ ಹೆದರ್ತಾರೆ, ಯಾವ ಬಾಗಿಲ ಮುಂದೆ ನಿಲ್ತಾರೆ ಅಂತ ಗೊತ್ತಾದರೆ ಅಲ್ಲೇ ದುಡ್ಡು ಕೇಳಬಹುದು" ಎಂದು ನನ್ನತ್ತ ನೋಡಿ ನಕ್ಕ. ನಾನು ತಲೆ ತಗ್ಗಿಸಿದೆ.

ಸಾಬಣ್ಣ ಚಹಾ ಬಿಟ್ಟು ಎದ್ದರು. "ಆ ಮಾತು ನನ್ನವಲ್ಲರೀ, ಮಾರಾಕ" ಎಂದರು.

ಮಾನ್ವಿಯ ಬಸ್ಸಿನಲ್ಲಿ ಪಿಸುದನಿಯಲ್ಲಿ ಹೇಳಿದರು: "ಆಟ ಎಲ್ಲಿ ಕೆಟ್ಟದ ಅಂತ ಹುಡುಕಾಕ ಎಲ್ಲಾರ ಮಾತು ಕೂಡಿಟ್ಟೀನಿ ತಂಗೀ, ಫೋನ್ ನಂಬರ್ ಸುದ್ದಾ. ಕೆಂಪಿ ಅಂತ ಒಬ್ಬಾಕಿ ಬರ್ತಾಳ, ದೇವದುರ್ಗದ ಕಡೆಯಾಕಿ. ಖರೇ ಹೆಸರು ನನಗೂ ಗೊತ್ತಿಲ್ಲ. ಗಂಡ ಹೊಡದದ್ದು, ಆಕಿ ಮನಿ ಬಿಟ್ಟು ಹೋಗಬೇಕಂತ ಮಾಡಿದ್ದು, ಎಲ್ಲಾ ಬರದಾಳ. ಈ ಕಂಪನಿಯವರು ಆಕಿ ನಂಬರಿಗೆ ಮೆಸೇಜ್ ಹಾಕಿ, ಆವಾಗ ಫೋನ್ ಗಂಡನ ಕೈಯಾಗಿದ್ದರ? ಕೊಂದ ಬಿಡ್ತಾನ."

ನಾನು ಕಳಿಸಿದ ನಕಲಿನಲ್ಲಿ ಅದೆಲ್ಲವೂ ಇತ್ತು. ಆಗಲೇ ಬಾಯಿ ಬಿಡಬೇಕಿತ್ತು. ಬಿಟ್ಟಿದ್ದರೆ ಸಾಬಣ್ಣ ಅಂದೇ ಕೆಂಪಿಗೆ ಎಚ್ಚರಿಕೆ ಕೊಡುತ್ತಿದ್ದರು. ಈ ಮನುಷ್ಯ ನನ್ನನ್ನು ಹೇಗೆ ನೋಡಿಯಾರು ಎಂಬ ಭಯಕ್ಕೆ ಕಿಟಕಿಯ ಕಡೆ ಮುಖ ಮಾಡಿ ಕುಳಿತೆ.

ಮರುದಿನ ಮಧ್ಯಾಹ್ನ ಅವರ ಮನೆಗೆ ಕರೆದರು. ಆಟ ಮುಚ್ಚುತ್ತೇನೆಂದು ಎಲ್ಲರಿಗೂ ಬೆಳಿಗ್ಗೆಯೇ ಬರೆದಿದ್ದರು. ಪರದೆಯ ಮೇಲೆ ಕೆಂಪಿಯ ಒಂದೇ ಸಾಲು: 'ಇನ್ನ ನಾ ಎಲ್ಲಿಗೆ ಬರ್ಲಿ ಅಣ್ಣಾ?' ಸಾಬಣ್ಣ ಉತ್ತರ ಬರೆದು ಬರೆದು ಅಳಿಸಿದರು. ಕೊನೆಗೆ ಹೊಳೆ, ಜಾಲಿಗಿಡ, ಜನರ ಮನೆಗಳು, ಮಾತು, ನಂಬರು ಎಲ್ಲವನ್ನೂ ಅಳಿಸಿಹಾಕಿದರು. ನನ್ನಿಂದ ಪೆನ್ ಡ್ರೈವ್ ಇಸಿದುಕೊಂಡು ಹಿತ್ತಲ ಕಲ್ಲಿನ ಮೇಲಿಟ್ಟು ಜಜ್ಜಿದರು. ಕಣ್ಣಲ್ಲಿ ನೀರು ಇಳಿಯುತ್ತಿತ್ತು.

"ಮತ್ತ ಎಲ್ಲೂ ಇಲ್ಲಲ್ಲ ತಂಗೀ?"

"ಇಲ್ಲಣ್ಣಾ" ಎಂದೆ.

"ಸಾಕಪ್ಪಾ. ಇವತ್ತ ನಿದ್ದಿ ಬರ್ತದ" ಎಂದು ನೆಲಕ್ಕೆ ಕುಸಿದು ಕುಳಿತರು. ಅಷ್ಟು ನಿರಾಳವಾದ ಮುಖವನ್ನು ಅವರಲ್ಲಿ ನಾನು ನೋಡಿದ್ದೇ ಇಲ್ಲ. ಮುಂದಿನ ಬೇಸಿಗೆಯಲ್ಲಿ ಎದೆನೋವು ಬಂದು ಹೋಗಿಬಿಟ್ಟರು. ಆ ನಕಲನ್ನು ಅಳಿಸಿರೆಂದು ಕಂಪನಿಗೆ ನಾನು ಬರೆದ ಒಂದು ಪತ್ರಕ್ಕೂ ಉತ್ತರವಿಲ್ಲ.

ಕಳೆದ ತಿಂಗಳು ಸ್ಟಾಫ್ ರೂಮಿನಲ್ಲಿ ಕೂತಿದ್ದಾಗ ನನ್ನ ಫೋನಿಗೆ ಒಂದು ಮೆಸೇಜು ಬಂತು. ಆಟದಲ್ಲಿ ನಾನು ಇಟ್ಟುಕೊಂಡಿದ್ದ ಹೆಸರು ಹಿಡಿದೇ ಕರೆದಿದ್ದರು. 'ನೀವು ಕಟ್ಟಿದ ಮನೆ, ನೀವು ಆಡಿದ ಮಾತು ಎಲ್ಲವೂ ನಮ್ಮಲ್ಲಿ ಭದ್ರವಾಗಿವೆ. ಹಣ ಕಟ್ಟಿ ಒಳಗೆ ಬನ್ನಿ.' ಕೆಳಗೆ ನಾನು ಎಂದೋ ಬರೆದಿದ್ದ ಎರಡು ಸಾಲುಗಳನ್ನೂ ಹಾಕಿದ್ದರು.

ಕೆಂಪಿಗೂ ಬಂದಿರುತ್ತದೆ. ಆಗ ಫೋನ್ ಯಾರ ಕೈಯಲ್ಲಿತ್ತೋ.